ಬೆರಳುದ್ದದ ಅಕ್ಷರ

ಬರೋಡಾದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಊರಿಗೆ ಊರೇ ಮಲಗುತ್ತದೆ. ಅಂಗಡಿಗಳ ಬಾಗಿಲು ಅರ್ಧಕ್ಕೆ ಇಳಿಯುತ್ತದೆ, ರಿಕ್ಷಾದವನು ಹಿಂದಿನ ಸೀಟಿನಲ್ಲಿ ಮಲಗಿ ಕಾಲು ಹೊರಗೆ ಚಾಚುತ್ತಾನೆ. ಧಾರವಾಡದಿಂದ ಬಂದ ಹೊಸತರಲ್ಲಿ ಇದು ನನಗೆ ಬರೀ ಸೋಮಾರಿತನ ಅನ್ನಿಸುತ್ತಿತ್ತು. ಹನ್ನೊಂದು ವರ್ಷದಲ್ಲಿ ನಾನೂ ಕಲಿತೆ. ಈಗ ಆ ಹೊತ್ತಿನಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

1987ರ ಬೇಸಿಗೆಯಲ್ಲಿ ನಾನು ಫ್ರಿಜ್ ಕೇಳಿದೆ, ನಮ್ಮವರು ಕಂಪ್ಯೂಟರ್ ತಂದರು. ಸೂರತ್ತಿನ ಪಾಂಡೇಸರಾದ ಬಟ್ಟೆ ಮಿಲ್ಲೊಂದು ಹಳತಾಯಿತೆಂದು ಮಾರಿದ್ದು. ಜೊತೆಗೊಂದು ಪ್ರಿಂಟರ್. ಎರಡಕ್ಕೂ ತಿಂಗಳುಗಟ್ಟಲೆ ಬಟ್ಟೆಯ ಬಣ್ಣದ ವಾಸನೆ. ರೈಲ್ವೆ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಬರುವವರಿಗೆ ಮನೆಯಲ್ಲೂ ಅದೇ ಬೇಕೇ ಎಂದು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಕಾರಣ ಹೇಳಿದರು. ಅವರ ಅವ್ವನ ಹಾಡಿನ ಪುಸ್ತಕವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕಂತೆ.

ಅತ್ತೆ ಗೌರಮ್ಮನವರು ಹದಿನಾಲ್ಕನೆಯ ವಯಸ್ಸಿನಲ್ಲಿ ತಮ್ಮ ತಾಯಿ ಹಾಡುವುದನ್ನು ಕೇಳಿ ಬರೆದುಕೊಂಡ ಪುಸ್ತಕ ಅದು. ಆರತಿಯ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಹಂಗಿಸುವ ಹಾಡು. ಮದುವೆಯಾದ ಮೊದಲ ನವರಾತ್ರಿಯಲ್ಲಿ ನಾನು ಅದಕ್ಕೆ ಕೈ ಹಾಕಿದ್ದೆ. "ಇರ್ಲಿ ಬಿಡು ಕಮಲಾಕ್ಷಿ, ನಿನ್ನ ಕಂಠಕ್ಕ ಹಾಡು ಬ್ಯಾಡ" ಎಂದು ಪುಸ್ತಕವನ್ನು ಸೆರಗಿನೊಳಗೆ ಎಳೆದುಕೊಂಡರು. ನನ್ನ ಕಂಠ ಒರಟು, ಸುಳ್ಳಲ್ಲ. ಆದರೂ ಹದಿನೇಳು ವರ್ಷ ಆ ಮಾತು ಮರೆತಿರಲಿಲ್ಲ. ಆಮೇಲೆ ನಾನು ಒಂದು ಸಾಲೂ ಹಾಡಿರಲಿಲ್ಲ.

ಈಗ ಅತ್ತೆಯ ಕಣ್ಣಿನ ನರ ಒಣಗುತ್ತಿತ್ತು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ದೀಪಾವಳಿಯವರೆಗೆ ದೊಡ್ಡ ಅಕ್ಷರ ಕಾಣಬಹುದು, ಆಮೇಲಿನದು ಹೇಳಲಾರೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಎಷ್ಟೋ ಹಾಡುಗಳು ಮೊದಲ ಸಾಲಿನಾಚೆ ಅತ್ತೆಗೆ ನೆನಪಿರಲಿಲ್ಲ. "ಕಣ್ಣು ಹೋಗೂದ್ರೊಳಗ ಒಮ್ಮೆ ಎಲ್ಲಾ ಓದಿ ಹಾಡಿಬಿಡಬೇಕಪಾ" ಎಂದು ಮಗನ ಹತ್ತಿರ ಅಂದಿದ್ದರಂತೆ. ಕೈಯಲ್ಲೇ ದೊಡ್ಡದಾಗಿ ಬರೆದರಾಗದೇ? ನಮ್ಮವರ ಕೈಬರಹ ಅವರಿಗೇ ಓದಲು ಬರುವುದಿಲ್ಲ. ನನ್ನ ಕೈಬರಹ ಚೆನ್ನಾಗಿದೆ, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಆ ಪ್ರಿಂಟರಿಗೆ ಕನ್ನಡ ಬರುತ್ತಿರಲಿಲ್ಲ. ಒಂಬತ್ತು ಸೂಜಿಗಳಿಂದ ಕಾಗದದ ಮೇಲೆ ಚುಕ್ಕಿ ಹೊಡೆಯುವುದಷ್ಟೇ ಅದರ ವಿದ್ಯೆ. ನಮ್ಮವರು ಗ್ರಾಫ್ ಹಾಳೆಯ ಮೇಲೆ ಒಂದೊಂದು ಅಕ್ಷರಕ್ಕೂ ಚುಕ್ಕಿ ಇಟ್ಟು, ಅದನ್ನು ಕಂಪ್ಯೂಟರಿಗೆ ಕಲಿಸುತ್ತ ಆರು ತಿಂಗಳು ಕಳೆದರು. ನಾನು ರಂಗೋಲಿ ಹಾಕಿ ಬೆಳೆದವಳು. "ನಿಮ್ಮ ಅಕ್ಷರಕ್ಕ ಹೊಟ್ಟಿ ಬಂದದ ನೋಡ್ರಿ, ಎರಡು ಚುಕ್ಕಿ ಕಡಿಮಿ ಮಾಡ್ರಿ" ಎಂದು ಕಾಡುತ್ತಿದ್ದೆ. ಕ್ರಮೇಣ ಆ ಚುಕ್ಕಿಗಳು ನನ್ನ ಮಧ್ಯಾಹ್ನದ ನಿದ್ದೆಗೂ ಬರತೊಡಗಿದವು. ಅಂಗಳದ ತುಂಬ ಚುಕ್ಕಿ. ನಾನು ಎಳೆ ಕೂಡಿಸುತ್ತ ಹೋದಂತೆ ಅವು ಅಕ್ಷರಗಳಾಗಿ ಎದ್ದು, ಸದ್ದಿಲ್ಲದೆ ಒಂದೊಂದೇ ಅತ್ತೆಯ ಕೋಣೆಗೆ ಹೋಗುತ್ತಿದ್ದವು.

ಮಹಾನವಮಿಯ ಮುನ್ನಾದಿನ ಒಂದು ಹಾಳೆ ಹೊಡೆದು ನೋಡಿದರು. ಚೆನ್ನಾಗಿ ಬಂತು. ಮರುದಿನ ಆಯುಧಪೂಜೆಯಲ್ಲಿ ಈಳಿಗೆ, ಹೊಲಿಗೆ ಯಂತ್ರ, ಸ್ಕೂಟರುಗಳ ಜೊತೆ ಪ್ರಿಂಟರಿಗೂ ಗಂಧ, ಕುಂಕುಮ, ಚೆಂಡುಹೂವು ಏರಿತು. ದಶಮಿಯ ದಿನ ಊಟ ಮುಗಿಸಿ ಎಲ್ಲರೂ ಅದರ ಮುಂದೆ ಕೂತೆವು. ಅತ್ತೆಗೆ ಹತ್ತಿರದ ಕುರ್ಚಿ.

ಸೂಜಿಯ ತಲೆ ಟರ್ರೆಂದು ಎಡದಿಂದ ಹೊರಟು ಮುಕ್ಕಾಲು ದಾರಿಯಲ್ಲಿ ನಿಂತು ಒದ್ದಾಡಿತು. ಉಳಿದ ಅಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದು ಬರೀ ಕಪ್ಪು ಕಂಬವಾಯಿತು. ನಮ್ಮವರು ಕೇಬಲ್ ಕಿತ್ತು ಮತ್ತೆ ಜೋಡಿಸಿದರು. ರಿಬ್ಬನ್ ಬದಲಿಸಿದರು. ಕಂಪ್ಯೂಟರಿನಿಂದ ಬಿಡಿಸಿ ಪ್ರಿಂಟರೊಂದನ್ನೇ ಓಡಿಸಿದರೂ ಅದೇ ಜಾಗದಲ್ಲಿ ಅದೇ ಒದ್ದಾಟ. ಹಾಗಾದರೆ ದೋಷ ಕಂಪ್ಯೂಟರಿನದಲ್ಲ.

"ಯಾರರೆ ಇದನ್ನ ಮುಟ್ಟೀರೇನು?" ಎಂದು ಗುಡುಗಿದರು.

"ಇಲ್ರೀ" ಎಂದೆ. "ಇಲ್ಲಪಾ" ಎಂದರು ಅತ್ತೆ. ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು.

ಅಹಮದಾಬಾದಿನ ರಿಪೇರಿಯವನಿಗೆ ಟ್ರಂಕ್ ಕಾಲ್ ಮಾಡಿದರು. ಕೈತುಂಬ ಕೆಲಸವಿದೆ, ಇನ್ನು ಬರುವುದು ದೀಪಾವಳಿ ಕಳೆದು, ಇಲ್ಲಿಯವರು ಮತ್ತೆ ಅಂಗಡಿ ತೆರೆಯುವ ಲಾಭಪಂಚಮಿಯ ಮೇಲೆ ಎಂದನಂತೆ. ಫೋನ್ ಇಟ್ಟ ನಮ್ಮವರ ಮುಖ ನೋಡಲಾಗಲಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು.

ನನಗೆ ಬೇರೇನೂ ತೋಚದೆ ಚಾಪೆಯ ಮೇಲೆ ಅಡ್ಡಾದೆ. ಸೊಸೈಟಿಯ ಅಂಗಳದಲ್ಲಿ ಯಾರೋ ಗರ್ಬಾದ ಮಂಟಪ ಬಿಚ್ಚುತ್ತಿದ್ದರು. ಬಣ್ಣದ ಬಟ್ಟೆಗಳ ನೆರಳು ಕಿಟಕಿಯ ಪರದೆಯ ಮೇಲೆ ಮೆಲ್ಲಗೆ ಜಾರುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯದು. ಮತ್ತೆ ಅದೇ ಅಂಗಳ, ಅದೇ ಚುಕ್ಕಿಗಳು. ಈ ಸಲ ಅಕ್ಷರಗಳು ಅತ್ತೆಯ ಕೋಣೆಯ ಹೊಸ್ತಿಲಲ್ಲಿ ಎಡವಿ ನಿಂತಿದ್ದವು. ಬಗ್ಗಿ ನೋಡಿದರೆ ಚುಕ್ಕಿಗಳ ನಡುವೆ ಹಳದಿಯ ಸಣ್ಣ ಕಾಳು. ಅದನ್ನು ಉದುರಿಸುತ್ತಿದ್ದ ಕೈಯಲ್ಲಿ ನನ್ನ ಹಸಿರು ಬಳೆಗಳು.

ಧಡಕ್ಕನೆ ಎದ್ದು ಕೂತೆ. ಪೂಜೆ ಮುಗಿದು ಎಲ್ಲರೂ ಎದ್ದ ಮೇಲೆ ನಾನೊಬ್ಬಳೇ ಪ್ರಿಂಟರಿನ ಮುಚ್ಚಳ ಎತ್ತಿ ಒಳಗೆ ಅಕ್ಷತೆ ಹಾಕಿ ಕೈ ಮುಗಿದಿದ್ದೆ. ಅದನ್ನು ಮುಟ್ಟುವುದು ಎಂದು ಯಾರು ಎಣಿಸುತ್ತಾರೆ? ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆರು ತಿಂಗಳ ಕೆಲಸವನ್ನು ನಾಲ್ಕು ಕಾಳು ಹಾಕಿ ಕೆಡಿಸಿದ್ದೆ.

ನಮ್ಮವರ ಹತ್ತಿರ ಹೋಗಿ, "ಬೈರಿ, ಆದ್ರ ಮೊದಲ ಮುಚ್ಚಳ ತಗೀರಿ" ಎಂದು ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಸ್ಕ್ರೂ ಬಿಚ್ಚಿ ಟಾರ್ಚ್ ಬಿಟ್ಟರು. ಸೂಜಿಯ ತಲೆ ಓಡುವ ದಾರಿಯಲ್ಲಿ ಎಣ್ಣೆಗೆ ಅಂಟಿಕೊಂಡು ಅಕ್ಷತೆ ಕೂತಿತ್ತು. ಚಿಮುಟದಿಂದ ಒಂದೊಂದೇ ಎತ್ತಿ ನನ್ನ ಅಂಗೈಯಲ್ಲಿ ಇಟ್ಟರು. ನಾಲ್ಕು ಹಳದಿ ಕಾಳು. ಆಮೇಲೆ ಐದು ಕೆಂಪು ಕಾಳು.

ಕೆಂಪು ನನ್ನದಲ್ಲ. ನಮ್ಮ ಮನೆಯಲ್ಲಿ ಕೆಂಪು ಅಕ್ಷತೆ ಇದ್ದದ್ದು ಒಂದೇ ಕಡೆ, ಅತ್ತೆಯ ಪೆಟ್ಟಿಗೆಯಲ್ಲಿ. ಮಠದಲ್ಲಿ ಸ್ವಾಮಿಗಳು ಕೊಟ್ಟ ಮಂತ್ರಾಕ್ಷತೆಯ ಪೊಟ್ಟಣ. ನನಗೆ ಒಂದು ಕಾಳೂ ಕೊಟ್ಟವರಲ್ಲ.

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ನಂದೂ ಅವ ಅದರಾಗ" ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ದನಿಯಲ್ಲಿ. "ಮ್ಯಾಲೆ ಹಾಕಿದ್ರ ಒಳಗ ಹ್ಯಾಂಗ ಮುಟ್ಟತದ ಅಂತ ಮುಚ್ಚಳ ಎತ್ತಿ ಹಾಕಿದೆ. ಆರು ತಿಂಗಳು ಚುಕ್ಕಿ ಇಟ್ಟಾನ ನನ್ನ ಹಯವದನ. ನಂಗ ಕಾಣ್ಲಿ, ಬಿಡ್ಲಿ, ಅವನ ಮಾರಿ ಸಣ್ಣದಾಗಬಾರದು ಅಂತ ಬೇಡ್ಕೊಂಡೆ. ನೀ ಏನು ಬೇಡ್ಕೊಂಡಿ?"

"ನಿಮಗ ಕಾಣ್ಲಿ ಅಂತ, ಅತ್ಯಾ."

ಅವರು ನನ್ನ ಹತ್ತಿರ ಬಂದರು. ಕಾಳುಗಳಿದ್ದ ನನ್ನ ಅಂಗೈಯನ್ನು ತಡವಿ ಹುಡುಕಿ, ಅದನ್ನು ಮಡಿಸಿ, ಮೇಲೆ ತಮ್ಮ ಕೈ ಇಟ್ಟು ಹಾಗೇ ಕೂತರು. ನನಗೆ ಅಳು ಬಂತು. ನಮ್ಮವರು ಬೆನ್ನು ತಿರುಗಿಸಿ ಅದೇ ಸ್ಕ್ರೂವನ್ನು ಬಹಳ ಹೊತ್ತು ಬಿಗಿ ಮಾಡಿದರು.

ಪ್ರಿಂಟರ್ ಮತ್ತೆ ಟರ್ರೆಂದಿತು. ಈ ಸಲ ತಲೆ ಬಲದಂಚಿನವರೆಗೂ ಹೋಗಿ ಬಂತು. ಬೆರಳುದ್ದದ ಅಕ್ಷರಗಳು ಕಾಗದದ ಜೊತೆ ಮಡಿಕೆ ಮಡಿಕೆಯಾಗಿ ನೆಲಕ್ಕಿಳಿದವು. ಅತ್ತೆ ಕಾಗದದ ತುದಿಯನ್ನು ಮೂಗಿನ ಹತ್ತಿರ ಹಿಡಿದು, ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತ, ಹಾಡಿದರು.

"ಹೊಸ್ತಿಲಿಗೆ ಹಾಲೆರೆದು ಕರೆದೇವು ನಿನ್ನ..."

ಅಲ್ಲಿಗೇ ನಿಲ್ಲಿಸಿದರು. ಕಾಣದೇ ಹೋಯಿತೇನೋ ಎಂದು ಹತ್ತಿರ ಸರಿದೆ. ಅವರು ಕಾಗದವನ್ನು ನನ್ನ ಕಡೆಗೆ ಸರಿಸಿದರು.

"ಮುಂದಿನ ಸಾಲು ನೀ ಹಾಡು."

"ನನ್ನ ಕಂಠ, ಅತ್ಯಾ..."

"ಕಂಠ ಇರ್ಲಿ. ನಾಳೆ ನಂಗ ಕಾಣದಾಗ ಯಾರು ಹಾಡಬೇಕು?"

ಕಾಗದದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. "ಹೆಜ್ಜೆ ನೋಡಿ ಇಡು ತಾಯಿ, ನೆಲ ಇನ್ನೂ ಹಸಿ" ಎಂದು ಹಾಡಿದೆ. ದನಿ ಎರಡು ಕಡೆ ಒಡೆಯಿತು. ನೋಡಲು ಉಳಿದಿದ್ದುದೇ ಕೆಲವು ದಿನ, ಆದರೂ ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು.