ಮೆಟ್ಟಿಲ ಕೆಳಗಿನ ಗಾಳಿ

ನನ್ನ ಗಂಡ ನೆವಿಲ್‌ಗೆ ಬಿಯರ್ ಎಂದರೆ ಥ್ರೀ ಹೆರಿಂಗ್ಸ್‌ನ ಬಿಯರ್ ಒಂದೇ. ಇಂಗ್ಲೆಂಡಿನ ಹಲ್ ಪಟ್ಟಣದ ಹಳೇ ಪೇಟೆಯಲ್ಲಿ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾದಂಥ ಓಣಿಯೊಳಗೆ ಆ ಪಬ್ ಇತ್ತು. ಬೇರೆ ಕಡೆ ಗ್ಯಾಸ್ ತುಂಬಿ ನೊರೆ ಬರಿಸಿ ಕೊಡುವುದನ್ನು ಅವನು 'ಸೋಪಿನ ನೀರು' ಎನ್ನುತ್ತಿದ್ದ. ಇಲ್ಲಿ ಏಲ್ ಎಂಬ ಸಾಂಪ್ರದಾಯಿಕ ಬಿಯರ್ ನೆಲಮಾಳಿಗೆಯ ಪೀಪಾಯಿಯಲ್ಲೇ ಹುದುಗಿ, ಹದವಾಗಿ, ಕೈಪಂಪಿನ ಹಿಡಿಕೆ ಎಳೆದಾಗ ಮೆಲ್ಲಗೆ ಮೇಲೆ ಬರುತ್ತಿತ್ತು. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಹೋಗುತ್ತಿದ್ದೆವು. ಅವನಿಗೆ ಒಂದು ಪೈಂಟ್ ಕಹಿಯಾದ ಬಿಟರ್, ನನಗೆ ಅರ್ಧ ಪೈಂಟ್ ಮೆದುವಾದ ಮೈಲ್ಡ್, ಇಬ್ಬರಿಗೂ ಸೇರಿ ಒಂದು ಹಂದಿಮಾಂಸದ ಪೈ.

ಅಲ್ಲಿ ನನಗೆ ಆಗದಿದ್ದವನು ಒಬ್ಬನೇ, ಕ್ಲಿಫ್ ಸ್ಟ್ಯಾದರ್ಸ್. ಮೀನು ಹಿಡಿಯುವ ಹಡಗುಗಳಲ್ಲಿ ಅಡುಗೆ ಮಾಡಿಕೊಂಡು ಮುದುಕನಾದವನು. ಬೆಂಕಿಯ ಪಕ್ಕದ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನೆವಿಲ್ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಕಣ್ಣು ಮುಚ್ಚಿ ಮೊದಲ ಗುಟುಕು ಕುಡಿಯುವಾಗ, "ನೋಡ್ರಪ್ಪಾ, ಪಾದ್ರಿಗಳು ಪೂಜೆಗೆ ಕೂತ್ರು" ಎಂದು ಇಡೀ ಪಬ್ಬಿಗೆ ಕೇಳುವಂತೆ ಹೇಳುತ್ತಿದ್ದ. ನೆವಿಲ್ ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಎಂಬತ್ತರ ದಶಕದ ಒಂದು ಫೆಬ್ರವರಿಯಲ್ಲಿ ನಡೆದ ಮಾತು ಇದು. ಅಂದು ಸಮುದ್ರದ ಕಡೆಯಿಂದ ಮಂಜು ನುಗ್ಗಿ ಓಣಿಯೆಲ್ಲ ಬೂದುಬಣ್ಣವಾಗಿತ್ತು. ಒಳಗೆ ಏಳೆಂಟು ಜನ ಇದ್ದರೇನೋ. ಪಬ್ ನಡೆಸುತ್ತಿದ್ದವರು ಪಾಲೀನ್ ಮತ್ತು ಅವಳ ಗಂಡ ರೇ. ಪಾಲೀನ್ ನೆವಿಲ್‌ಗೆಂದು ಹಿಡಿಕೆ ಎಳೆದಾಗ ಪಂಪು ಕೆಮ್ಮಿದ ಹಾಗೆ ಸದ್ದು ಮಾಡಿ ಬರೀ ನೊರೆ ಉಗುಳಿತು.

"ಅಯ್ಯೋ, ಬಿಟರ್ ಮುಗೀತು," ಎಂದಳು ಪಾಲೀನ್. "ಬೇರೆ ಪೀಪಾಯಿಗೆ ಪೈಪ್ ಹಾಕ್ಬೇಕು. ರೇ ನೋಡಿದ್ರೆ ಹರ್ನಿಯಾ ಕೊಯ್ಸಿಕೊಂಡು ಆಸ್ಪತ್ರೇಲಿ ಮಹಾರಾಜನ ಥರ ಮಲಗಿದಾನೆ."

"ನಾನ್ ಹೋಗ್ತೀನಿ ಬಿಡು," ನೆವಿಲ್ ಆಗಲೇ ಕೋಟು ಬಿಚ್ಚುತ್ತಿದ್ದ. "ರೇ ಜೊತೆ ಎಷ್ಟ್ ಸಲ ಇಳಿದಿಲ್ಲ ನಾನು."

"ಡೋರೀನ್, ಹುಷಾರು ಕಣಮ್ಮ," ಬೆಂಕಿಯ ಕಡೆಯಿಂದ ಕ್ಲಿಫ್ ಕೂಗಿದ. "ನಿನ್ ಗಂಡ ಪೀಪಾಯಿಗೆ ಬಾಯಿ ಹಚ್ಚಿ ಅಲ್ಲೇ ಮಲಗಿಬಿಟ್ರೆ ನಮ್ ಗತಿಯೇನು?"

ಎಲ್ಲರೂ ನಕ್ಕರು. ನೆವಿಲ್ ತೋಳು ಮಡಚಿಕೊಂಡು ಕೌಂಟರಿನ ಹಿಂದಿನ ಬಾಗಿಲಿಂದ ನೆಲಮಾಳಿಗೆಗೆ ಇಳಿದು ಹೋದ.

ನಾನು ಪೈ ಕತ್ತರಿಸಿದೆ. ಅವನ ಪಾಲನ್ನು ತಟ್ಟೆಯ ಅಂಚಿಗೆ ಸರಿಸಿದೆ. ಪೀಪಾಯಿಗೆ ನಲ್ಲಿ ಬಡಿದು ಕೂರಿಸುವಾಗ ಮರದ ಸುತ್ತಿಗೆಯ ಪೆಟ್ಟು ಮೇಲಿನವರ ಅಂಗಾಲಿಗೆ ತಟ್ಟಬೇಕು. ಪಬ್ಬಿಗೆ ಬರುವ ಎಲ್ಲರಿಗೂ ಆ ಪೆಟ್ಟು ಪರಿಚಿತ. ನಾನು ಅದಕ್ಕೆ ಕಾಯುತ್ತಿದ್ದೆ. ಪೆಟ್ಟು ಬೀಳಲಿಲ್ಲ. ಪಾಲೀನ್ ಇನ್ನಿಬ್ಬರಿಗೆ ಜಿನ್ ಕೊಟ್ಟಳು, ಗ್ಲಾಸುಗಳನ್ನು ಒರೆಸಿದಳು, ಆಮೇಲೆ ಬಾಗಿಲ ಕಡೆ ತಿರುಗಿ, "ನೆವಿಲ್, ಎಲ್ಲಾ ಸರಿ ಇದೆಯೇನಪ್ಪಾ?" ಎಂದಳು.

ಒರೆಸುವ ಬಟ್ಟೆ ಕೆಳಗಿಟ್ಟು ಬಾಗಿಲಿಗೆ ಹೋದಳು.

"ನೆವಿಲ್!"

ಅವಳ ಆ ಎರಡನೇ ಕೂಗಿಗೆ ನಾನು ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ಎದ್ದು ಕೌಂಟರಿನ ಹಿಂದಕ್ಕೆ ಹೋದೆ. ಕಡಿದಾದ ಮರದ ಮೆಟ್ಟಿಲು. ಕೆಳಗೆ ದೀಪ ಉರಿಯುತ್ತಿತ್ತು. ನೆವಿಲ್ ಮೆಟ್ಟಿಲ ಬುಡದಲ್ಲಿ ಬೋರಲಾಗಿ ಬಿದ್ದಿದ್ದ. ಮೇಲೆ ಹತ್ತಿ ಬರಲು ಹೊರಟವನಂತೆ ಒಂದು ಕೈ ಮೆಟ್ಟಿಲ ಮೇಲೆ ಚಾಚಿತ್ತು. ಇಡೀ ನೆಲಮಾಳಿಗೆಯಲ್ಲಿ ಕೇಳುತ್ತಿದ್ದದ್ದು ಒಂದೇ ಸದ್ದು, ಕುದಿಯುವ ಕೆಟಲಿನ ಮೂತಿಯಿಂದ ಬರುವಂಥ ಸಣ್ಣ 'ಸ್ಸ್' ಸದ್ದು.

ನಾನು ಇಳಿದು ಓಡಿದೆ. ಸೋಡಾ ನೆತ್ತಿಗೇರಿದ ಹಾಗೆ ಮೂಗಿನೊಳಗೆ ಚುರುಕ್ ಎಂದಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಸೊಂಟಕ್ಕೆ ಕೈಹಾಕಿ ಎತ್ತಿ ಹಿಂದಕ್ಕೆಳೆದರು. ಕ್ಲಿಫ್! ಅವನ ಕೈಯಲ್ಲಿ ಅಷ್ಟು ಬಲವಿದೆಯೆಂದು ಯಾರು ಎಣಿಸಿದ್ದರು?

"ಬಿಡೋ! ನನ್ ಗಂಡ ಕಣೋ ಅದು, ಬಿಡೋ!"

"ಬಿಡಲ್ಲ. ಅದು ಗ್ಯಾಸು. ಇಳಿದ್ರೆ ನೀನೂ ಅಲ್ಲೇ."

ನಾನು ಅವನ ಮೊಣಕಾಲಿಗೆ ಒದ್ದೆ. ಹೆಬ್ಬೆರಳ ಬುಡಕ್ಕೆ ಹಲ್ಲು ಊರಿ ಕಚ್ಚಿದೆ. ಬಾಯಿಗೆ ರಕ್ತದ ರುಚಿ ಬಂತು. ಅವನು ಹಿಡಿತ ಸಡಿಲಿಸಲಿಲ್ಲ. ನನ್ನನ್ನು ಹಾಗೇ ಒತ್ತಿಹಿಡಿದುಕೊಂಡು, ಪಬ್ಬಿನ ಮೇಜಿನಿಂದ ಒಂದು ಮೋಂಬತ್ತಿ ತರಿಸಿದ. ಬಗ್ಗಿ ಅದನ್ನು ಮೆಟ್ಟಿಲುಗುಂಟ ಕೆಳಕ್ಕೆ ಇಳಿಸಿದ. ಮೆಟ್ಟಿಲ ನಡುವಿಗೆ ಬರುವಷ್ಟರಲ್ಲಿ ಬೆಂಕಿಯ ನಾಲಿಗೆ ಉದ್ದವಾಯಿತು, ಬತ್ತಿಯಿಂದ ಬೇರೆಯಾಯಿತು, ಇಲ್ಲವಾಯಿತು. ಗಾಳಿ ಬೀಸಿರಲಿಲ್ಲ. ಯಾರೂ ಊದಿರಲಿಲ್ಲ. ಕಣ್ಣಿಗೆ ಕಾಣದ ಒಂದು ಕೆರೆ ಅಲ್ಲಿ ತುಂಬಿ ನಿಂತಿತ್ತು. ನನ್ನ ಗಂಡ ಅದರ ತಳದಲ್ಲಿದ್ದ.

ನಾನು ಒದೆಯುವುದನ್ನು ನಿಲ್ಲಿಸಿದೆ.

"ಹುಡುಗ್ರು ಕುಡಿಯೋ ಲಾಗರ್ ಬಿಯರ್‌ಗೆ ಗ್ಯಾಸ್ ತುಂಬೋ ಸಿಲಿಂಡರ್..." ಪಾಲೀನ್ ಫೋನ್ ಇಟ್ಟು ಓಡಿ ಬಂದಳು. "ಇವತ್ ಬೆಳಿಗ್ಗೆ ತಾನೇ ಹೊಸದು ಹಾಕಿದ್ದು. ಫೈರ್ ಎಂಜಿನ್‌ಗೆ ಫೋನ್ ಮಾಡ್ದೆ. ಹಡಗು ಬರ್ತಿದೆ ಅಂತ ಸೇತುವೆ ಎತ್ತಿದಾರಂತೆ, ಸುತ್ತಿ ಬರ್ಬೇಕಂತೆ."

"ಓಣಿ ಕಡೆ ಬಾಗ್ಲು ತೆಗೀರೋ!" ಕ್ಲಿಫ್ ಅಬ್ಬರಿಸಿದ. ಪೀಪಾಯಿ ಇಳಿಸಲು ಓಣಿಯ ನೆಲದಲ್ಲಿರುವ ಆ ದೊಡ್ಡ ಹಲಗೆ ಬಾಗಿಲುಗಳನ್ನು ಇಬ್ಬರು ಓಡಿಹೋಗಿ ಎತ್ತಿದರು. ಕೆಳಗೆ ಮಂಜಿನ ಬೆಳಕು ಬಿತ್ತು. ನೆವಿಲ್ ಅಲುಗಲಿಲ್ಲ.

ಎತ್ತರದ ಕಿಟಕಿಗಳನ್ನು ಮುಚ್ಚಲು ಒಂದು ಉದ್ದನೆಯ ಕೋಲು ಇತ್ತು, ತುದಿಯಲ್ಲಿ ಹಿತ್ತಾಳೆಯ ಕೊಕ್ಕೆ. ಕ್ಲಿಫ್ ಅದನ್ನು ಕಿತ್ತುಕೊಂಡು ಬಂದು ಮೆಟ್ಟಿಲ ಮೇಲೆ ತಲೆಕೆಳಗಾಗಿ ಮಲಗಿದ. ಡಾರ್ಟ್ಸ್ ಆಡುತ್ತಿದ್ದ ಇಬ್ಬರು ಗಟ್ಟಿಗರು ಅವನ ಒಂದೊಂದು ಕಾಲು ಹಿಡಿದರು.

"ಡೋರೀನ್, ಇಲ್ಲಿ ಬಾ. ಮೋಂಬತ್ತಿ ಹಚ್ಕೊಂಡು ನನ್ ಮೂಗಿನ ಹತ್ರ ಹಿಡಿ. ಆರಿದ ತಕ್ಷಣ ಕೂಗು, ಇವ್ರು ನನ್ನ ಎಳೀತಾರೆ. ಕೈ ನಡುಗಿಸ್ಬೇಡ."

"ನನ್ ಕೈಲಾಗಲ್ಲ ಕ್ಲಿಫ್."

"ಆಗುತ್ತೆ. ಅವನ ಕಡೆ ನೋಡ್ಬೇಡ. ಬೆಂಕೀನೇ ನೋಡು."

ನಾನು ಬೆಂಕಿಯನ್ನೇ ನೋಡಿದೆ. ಈ ಲೋಕದಲ್ಲಿ ಆಗ ಇದ್ದದ್ದು ಅದೊಂದೇ. ಕೋಲು ಗೋಡೆಗೆ ತಾಗುವ ಸದ್ದು, ಕ್ಲಿಫ್‌ನ ಏದುಸಿರು. ಅವನು ಇನ್ನಷ್ಟು ಕೆಳಕ್ಕೆ ಜಾರಿದ. ನಾನೂ ಕೈ ಚಾಚಿದೆ. ಬೆಂಕಿ ಕುಗ್ಗಿತು, ನಂದಿತು.

"ಆರಿತು!" ಎಂದು ಚೀರಿದೆ. ಅವನನ್ನು ಎಳೆದುಕೊಂಡರು. ಮುಖ ಕೆಂಡದಂತಾಗಿತ್ತು, ಕಣ್ಣು ತೇಲುತ್ತಿದ್ದವು. ಸಾಕು, ಇನ್ನು ಇವನು ಇಳಿಯುವುದಿಲ್ಲ, ಎಲ್ಲ ಮುಗಿಯಿತು ಎಂದುಕೊಂಡೆ. ಅವನು ಗೋಡೆ ಹಿಡಿದು ನಾಲ್ಕು ಸಲ ಉಸಿರು ಎಳೆದುಕೊಂಡು, ಬಾಯಿ ಬಿಗಿದು, ಕೈಸನ್ನೆ ಮಾಡಿ ಮತ್ತೆ ಮಲಗಿದ. ನಾನು ಮತ್ತೆ ಹಚ್ಚಿದ ಮೋಂಬತ್ತಿ ಈ ಸಲ ಬೇಗನೆ ಆರಿತು. ಕೂಗಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಬೇಡವೆಂಬಂತೆ ತಲೆಯಾಡಿಸಿದ. ನಾನು ಕೂಗಲಿಲ್ಲ. ಈ ಮುದುಕ ಸತ್ತರೂ ಸರಿ, ನನ್ನ ಗಂಡ ಬರಲಿ ಎಂದು ಆ ಗಳಿಗೆಯಲ್ಲಿ ಅನ್ನಿಸಿದ್ದು ನಿಜ.

ಕೊಕ್ಕೆ ನೆವಿಲ್‌ನ ಪ್ಯಾಂಟಿನ ಹೆಗಲಪಟ್ಟಿಗೆ ಸಿಕ್ಕಿತ್ತು. ಪಾಲೀನ್, ನಾನು, ಆ ಇಬ್ಬರು, ಎಲ್ಲರೂ ಸೇರಿ ಎಳೆದೆವು. ಮೊದಲು ಕ್ಲಿಫ್, ಹಿಂದೆಯೇ ಕೋಲು, ಕೋಲಿನ ಹಿಂದೆ ನೆವಿಲ್‌ನ ತಲೆ ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತ ಮೇಲೆ ಬಂತು.

ಓಣಿಯ ಕಲ್ಲಿನ ಮೇಲೆ ಮಲಗಿಸಿದಾಗ ಅವನ ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ಡಾರ್ಟ್ಸ್ ಆಡುತ್ತಿದ್ದವರಲ್ಲಿ ಒಬ್ಬ ಅವನ ಬಾಯಿಗೆ ಬಾಯಿ ಇಟ್ಟು ಊದಿದ. ಎದೆ ಏರಿತು, ಇಳಿಯಿತು, ಸುಮ್ಮನಾಯಿತು. ಮತ್ತೆ ಊದಿದ. ನಾನು ಮಂಡಿಯೂರಿ ಕುಳಿತು ನೆವಿಲ್‌ನ ಬೂಟಿನ ಲೇಸನ್ನು ಬಿಚ್ಚಿ ಕಟ್ಟುತ್ತಿದ್ದೆನಂತೆ, ನನಗೆ ನೆನಪಿಲ್ಲ. ಕೊನೆಗೂ ಹಳೇ ಪಂಪಿನಿಂದ ಬಂದಂಥ ಒಂದು ಸದ್ದು ಅವನ ಗಂಟಲಿಂದ ಬಂತು. ಪಕ್ಕದಲ್ಲಿ ಕ್ಲಿಫ್ ಗೋಡೆಗೆ ಹಣೆಯಿಟ್ಟು ವಾಂತಿ ಮಾಡುತ್ತಿದ್ದ. ಫೈರ್ ಎಂಜಿನ್ನಿನ ಸೈರನ್ ಆಗ ಕೇಳಿಸಿತು.

ಮರುದಿನ ಆಸ್ಪತ್ರೆಯಲ್ಲಿ ನೆವಿಲ್ ಕಣ್ಣು ಬಿಟ್ಟ. ತಲೆ ಸಿಡಿಯುತ್ತಿದೆ ಎಂದ. ಮೆಟ್ಟಿಲು ಇಳಿದದ್ದರವರೆಗೆ ಮಾತ್ರ ಅವನಿಗೆ ನೆನಪಿತ್ತು. ಅವನಿಗೆ ಭಯವೂ ಆಗಿರಲಿಲ್ಲ. ಭಯವೆಲ್ಲ ನನ್ನ ಪಾಲಿಗೆ ಬಂದಿತ್ತು. ಮನೆಗೆ ಬಂದ ಮೇಲೂ ಅವನು ಸೋಫಾದಲ್ಲಿ ತೂಕಡಿಸಿದರೆ ನಾನು ಅವನ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ. "ಬದುಕಿದೀನಿ ಮಾರಾಯ್ತಿ, ನಿದ್ದೆ ಮಾಡೋಕಾದ್ರೂ ಬಿಡು," ಎಂದು ಗದರುತ್ತಿದ್ದ.

ಕ್ಲಿಫ್‌ನನ್ನು ನೋಡಲು ಅವನ ಮನೆಗೆ ಒಬ್ಬಳೇ ಹೋದೆ. ಅವನ ಕೈಗೆ ದಪ್ಪನೆಯ ಬ್ಯಾಂಡೇಜು ಇತ್ತು.

"ನಾಯಿ ಕಚ್ಚಿದ್ರೂ ಇಷ್ಟ್ ಬಾವು ಬರ್ತಿರ್ಲಿಲ್ಲ," ಎಂದ.

ನಾನು ಅತ್ತುಬಿಟ್ಟೆ. ಕ್ಷಮಿಸು ಎನ್ನಲು ಹೊರಟರೆ ಅವನು ಕೈಯಾಡಿಸಿ ತಡೆದ. ಐಸ್‌ಲ್ಯಾಂಡಿನ ಆಚೆ, ಹಡಗಿನ ತಳದಲ್ಲಿ ಮೀನು ತುಂಬುವ ಕೋಣೆಗೆ ಇಳಿದ ಒಬ್ಬ ಹುಡುಗ ಕೆಟ್ಟ ಗಾಳಿಗೆ ಸಿಕ್ಕಿ ಮೇಲೆ ಬರಲಿಲ್ಲವಂತೆ. ಅವನನ್ನು ತರಲು ಆ ಹುಡುಗನ ಅಣ್ಣ ಇಳಿದನಂತೆ, ಅವನೂ ಬರಲಿಲ್ಲವಂತೆ. "ಅಣ್ಣ ನನ್ ಪಕ್ಕದಲ್ಲೇ ಇದ್ದ. ನಾನ್ ಏನಾಗ್ತಿದೆ ಅಂತ ಯೋಚಿಸ್ತಾ ನಿಂತಿದ್ದೆ, ಅವನು ಇಳಿದೇಬಿಟ್ಟ," ಎಂದ. ಅಷ್ಟು ಹೇಳಿ ಗ್ಲಾಸು ಎತ್ತಿಕೊಂಡ.

ಏಪ್ರಿಲ್‌ನಲ್ಲಿ ನೆವಿಲ್ ಹಟ ಹಿಡಿದು ನನ್ನನ್ನು ಮತ್ತೆ ಥ್ರೀ ಹೆರಿಂಗ್ಸ್‌ಗೆ ಕರೆದುಕೊಂಡು ಹೋದ. ಕೆಳಗೆ ಹೊಸ ಫ್ಯಾನು ತಿರುಗುತ್ತಿತ್ತು, ಗ್ಯಾಸ್ ಸೋರಿದರೆ ಕಿರುಚುವ ಯಂತ್ರವನ್ನೂ ರೇ ಹಾಕಿಸಿದ್ದ. ಆದರೂ ರೇ ನೆಲಮಾಳಿಗೆಯ ಬಾಗಿಲು ತೆಗೆದು ಇಳಿದದ್ದೇ ತಡ, ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಓಣಿಗೆ ಹೋಗಿ ಗೋಡೆಗೆ ಒರಗಿ ನಿಂತೆ. ಸ್ವಲ್ಪ ಹೊತ್ತಿಗೆ ಕ್ಲಿಫ್ ಹೊರಗೆ ಬಂದ. ಪಕ್ಕದಲ್ಲಿ ನಿಂತು ಹೊಗೆಸೊಪ್ಪಿನ ಪೈಪು ಹಚ್ಚಿದ.

"ರೇ ಮೇಲ್ ಬಂದ್ನಾ?" ಎಂದೆ.

ಅವನು ಬಾಗಿಲಿಂದ ಇಣುಕಿ ನೋಡಿದ. "ಇನ್ನೂ ಇಲ್ಲ," ಎಂದ. "ಬರೋವರ್ಗೂ ಇಲ್ಲೇ ಇರೋಣ."