ದೊಡ್ಡವ್ವ ಟೀವಿಗೆ ಹೊರಟಿದ್ದು

ನನ್ನ ಗಂಡ ಈಶಪ್ಪ ಶಹಾಪುರದ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಮಕ್ಕಳಿಂದ ತೆಂಗಿನಮರ, ಗುಡಿಸಲು, ಸೂರ್ಯ ಬರೆಸುವುದು ಹೊಟ್ಟೆಪಾಡು. ಅವರ ನಿಜವಾದ ಕೆಲಸ ಬೇರೆ. ಸುರಪುರದಿಂದ ಬರುವ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ, ಬೀಜ-ಗೊಬ್ಬರದ ಜಾಹೀರಾತುಗಳ ನಡುವೆ ಸಿಕ್ಕಿಕೊಂಡು, ವರ್ಷಗಟ್ಟಲೆಯಿಂದ ಅವರ ಕಾಮಿಕ್ಸ್ ಬರುತ್ತಿದೆ. ಹೆಸರು ‘ದೊಡ್ಡವ್ವ ಕೇಳ್ತಾಳ’.

ಅದರ ನಾಯಕಿ ಹಾರುವುದಿಲ್ಲ, ಯಾರನ್ನೂ ಹೊಡೆಯುವುದಿಲ್ಲ. ಸೊಂಟದಿಂದ ಎಲೆಅಡಿಕೆಯ ಸಂಚಿ ತೆಗೆದು, ಎದುರಿಗೆ ಕೂತು ಕೇಳುತ್ತಾಳೆ. ಯಾವೂರು? ಯಾರ ಮನಿ? ನಿಮ್ಮವ್ವನ ತೌರು ಯಾವುದು? ನಾರಾಯಣಪುರದ ಕಾಲುವೆಯ ಮೇಲಿಂದ ಮೋಟಾರ್ ಕದ್ದವನು ಮೂರನೇ ಪ್ರಶ್ನೆಗೆ ಅವಳ ತಂಗಿಯ ಮೈದುನನ ಮಗನಾಗಿಬಿಡುತ್ತಾನೆ. ಸಂಬಂಧ ಹೊರಬಿದ್ದ ಮೇಲೆ ಕಳ್ಳತನಕ್ಕೆ ಯಾವ ಮುಖ? ಮೋಟಾರ್ ವಾಪಸ್ ತಂದು, ತಾನೇ ಕೂಡಿಸಿ, ರೊಟ್ಟಿ ತಿಂದು ಹೋಗುತ್ತಾನೆ. ಒಮ್ಮೆ ನಮ್ಮೂರಿನ ಮಲಗಿದ ಬುದ್ಧನ ಬೆಟ್ಟದ ಮೇಲೆ ಹಾರುವ ತಟ್ಟೆ ಇಳಿಯಿತು. ಭೂಮಿಯನ್ನು ಸುಡಲು ಬಂದ ಹಸಿರು ಜೀವಿಗೆ ದೊಡ್ಡವ್ವನ ಮೊದಲ ಪ್ರಶ್ನೆ: “ಮಂಗಳ ಗ್ರಹದಾಗ ಯಾರ ಮನಿಯಾಂವ ನೀ?” ಆ ವಾರ ಒಲೆಯ ಮೇಲಿನ ಪಲ್ಯ ಸೀದುಹೋಗುವವರೆಗೂ ನಾನು ನಕ್ಕಿದ್ದೆ.

ಆದರೆ ನಾನು ನಕ್ಕರೆ ಆಯಿತೇ? ಊರಿನಲ್ಲಿ ಅದನ್ನು ಓದುವವರು ಯಾರೂ ಇರಲಿಲ್ಲ. ಹಳೆಯ ಪತ್ರಿಕೆಯೆಲ್ಲ ಬಸ್ ನಿಲ್ದಾಣದ ಮುಂದೆ ಭಜಿ ಮಾರುವ ಮುನಾವರನ ಬಂಡಿಗೆ, ಭಜಿ ಕಟ್ಟಿಕೊಡಲು, ಸೇರುತ್ತಿತ್ತು. ನಾನು ಕಲಿಸುವ ಸರ್ಕಾರಿ ಶಾಲೆಯ ಸ್ಟಾಫ್ ರೂಮಿನಲ್ಲಿ ವಿಶ್ವರಾಧ್ಯ ಸರ್ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: “ಟೀಚರ್, ನಿಮ್ಮ ಯಜಮಾನ್ರ ಗೊಂಬಿ ನಿನ್ನಿ ಭಾಳ ಎಣ್ಣಿ ಕುಡದಿತ್ತು ನೋಡ್ರಿ.” ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಶಪ್ಪ ಕೇಳಿ ನಕ್ಕುಬಿಡುತ್ತಿದ್ದರು. ಆದರೆ ಪ್ರಾಣಕ್ಕಿಂತ ಇಷ್ಟವಾಗಿದ್ದ ಮಿರ್ಚಿ ಭಜಿಯನ್ನು ಅವರು ಯಾವಾಗಲೋ ಬಿಟ್ಟಿದ್ದರು.

ಹೀಗಿರುವಾಗ ಬೆಂಗಳೂರಿನ ಒಂದು ಟೀವಿ ಚಾನೆಲ್‌ನಿಂದ ಫೋನು ಬಂತು. ಮಾತಾಡಿದವನ ಹೆಸರು ಪ್ರವೀಣಕುಮಾರ. ಆ ಹಸಿರು ಜೀವಿಯ ಕಂತನ್ನು ಯಾರೋ ಮೊಬೈಲಿನಲ್ಲಿ ಹರಿಯಬಿಟ್ಟಿದ್ದರಂತೆ, ಅವನ ಕಣ್ಣಿಗೆ ಬಿದ್ದಿತ್ತಂತೆ. “ಇದನ್ನ ಧಾರಾವಾಹಿ ಮಾಡ್ತೀವಿ ಸರ್. ಗುರುವಾರ ಬಂದು ಸಹಿ ಮಾಡಿಸ್ಕೊಳ್ತೀನಿ” ಎಂದ. ಈಶಪ್ಪ ಆ ಕ್ಷಣದಿಂದ ನೆಲದ ಮೇಲೆ ಇರಲಿಲ್ಲ. ನಾನು ಕಡಿಮೆಯೇನಲ್ಲ, ಸ್ಟಾಫ್ ರೂಮಿಗೆ ಹಂಚಲು ಪೇಡೆಯ ಡಬ್ಬಿ ತಂದಿಟ್ಟೆ. ಮೊದಲ ಪೇಡೆ ವಿಶ್ವರಾಧ್ಯ ಸರ್‌ಗೆ ಎಂದೂ ನಿರ್ಧರಿಸಿದ್ದೆ.

ತೊಡಕು ಒಂದೇ. ದೊಡ್ಡವ್ವ ಬರೀ ಕಲ್ಪನೆಯ ಹೆಣ್ಣಲ್ಲ. ಅವಳು ಈಶಪ್ಪನವರ ತಾಯಿಯ ಅಕ್ಕ, ಹತ್ತಿರದ ಸಗರ ಹಳ್ಳಿಯ ಮೋನಮ್ಮ. ಆ ಉದ್ದ ಮೂಗು, ಆ ಸಂಚಿ, ಆ ಪ್ರಶ್ನೆಗಳು ಎಲ್ಲವೂ ಅವಳವೇ. ಕೇಳದೆ ತೆಗೆದುಕೊಂಡದ್ದು. ಓದು ಬಾರದವಳು, ಅವಳಿಗೆ ಹೇಗೆ ತಿಳಿಯಬೇಕು ಎಂದು ಸುಮ್ಮನಿದ್ದೆವು. ಈಗ ಗುರುವಾರ ಅವಳೇನಾದರೂ ಬಂದು ರಂಪ ಮಾಡಿದರೆ? “ಸಹಿ ಆಗ್ಲಿ, ಆಮ್ಯಾಗ ಕಾಲು ಹಿಡಕೊಂಡು ಹೇಳಿದ್ರಾತು” ಎಂದರು ಈಶಪ್ಪ. ಮನೆಗೆ ಸುಣ್ಣ ಹಚ್ಚುತ್ತಿದ್ದೇವೆ, ಈ ವಾರ ಬರಬೇಡ ಎಂದು ಅವಳಿಗೆ ಫೋನಿನಲ್ಲಿ ಹೇಳಿದೆವು.

ನಮ್ಮಂಥ ಮೂರ್ಖರು ಬೇರಿಲ್ಲ. ಮನೆಯಲ್ಲಿ ಕೆಲಸ ಇದೆ ಎಂದು ಕೇಳಿದ ಮೇಲೆ ನಮ್ಮ ಕಡೆಯ ಯಾವ ದೊಡ್ಡವ್ವ ತನ್ನ ಮನೆಯಲ್ಲಿ ಕೂತಾಳು?

ಗುರುವಾರ ಪ್ರವೀಣಕುಮಾರ ಪಡಸಾಲೆಯಲ್ಲಿ ಕಾಗದ ಹರಡಿ, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸುತ್ತಿದ್ದ. ಈಶಪ್ಪ ಪೆನ್ನಿನ ಮುಚ್ಚಳ ತೆಗೆದಿದ್ದರು. ಹೊರಗೆ ಟಂಟಂ ಆಟೋ ನಿಂತ ಸದ್ದಾಯಿತು. ಹಳೇ ಸೀರೆ ಉಟ್ಟು, ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಸುಣ್ಣದ ಕುಂಚ ಹಿಡಿದು ದೊಡ್ಡವ್ವ ಒಳಗೆ ಬಂದಳು. ಗೋಡೆ ನೋಡಿದಳು.

“ಸುಣ್ಣ ಎಲ್ಲದ? ಗ್ವಾಡಿ ಹಂಗೇ ಅವಲ್ಲ!”

ಅಷ್ಟರಲ್ಲಿ ಅವಳ ಕಣ್ಣು ಹೊಸಬನ ಮೇಲೆ ಬಿತ್ತು. ಕುಂಚ ಕೆಳಗಿಟ್ಟು, ಅವನ ಎದುರಿಗೆ ಕೂತು ಸಂಚಿ ಬಿಚ್ಚಿದಳು.

“ಯಾವೂರಪಾ?”

“ಬೆಂಗಳೂರು ಅಮ್ಮ.”

“ಬೆಂಗಳೂರಿಗೆ ಎಲ್ಲಾರೂ ಹೋದವರೇ. ನಿಮ್ಮಪ್ಪಂದು ಯಾವೂರು?”

“ಕೋಲಾರದ ಕಡೆ.”

“ಅದು ನನಗ ದೂರಾತು. ನಿಮ್ಮವ್ವನ ತೌರು?”

ಅವನು ಕೈಯಲ್ಲಿದ್ದ ಮೊಬೈಲ್ ಮಡಿಲಲ್ಲಿ ಇಟ್ಟುಕೊಂಡ. “ಅಮ್ಮಂದು ಈ ಕಡೇನೇ. ಕಕ್ಕೇರಾ. ನಾನು ಚಿಕ್ಕೋನಿದ್ದಾಗ ರಜೆಗೆ ಬರ್ತಿದ್ದೆ.”

“ಹೆಸರು?”

“ಭಾಗ್ಯ.”

“ತಿಮ್ಮಣ್ಣನ ಮಗಳು ಭಾಗ್ಯಾನಾ? ಎಡಗೈಲೆ ರೊಟ್ಟಿ ಬಡಿಯಾಕಿ?”

“ಈಗ್ಲೂ ಎಡಗೈಲೇ ಬಡಿಯೋದು” ಎಂದ ಪ್ರವೀಣಕುಮಾರ ಮೆಲ್ಲಗೆ.

“ಎಪ್ಪಾ! ತಿಮ್ಮಣ್ಣ ಅಂದ್ರ ನನ್ನ ಸ್ವಾದರಮಾವನ ಮಗ. ನಿಮ್ಮವ್ವನ ಲಗ್ನದಾಗ ಆಕಿಗಿ ಅರಿಷಿಣ ಹಚ್ಚಿದ್ದು ಇದೇ ಕೈ. ಈಶ್ಯಾ, ಇಂವ ನಿನಗ ಅಳಿಯ ಆಗ್ತಾನೋ! ಮನಿಗಿ ಬಂದ ಅಳಿಯಗ ಒಂದು ತುತ್ತು ಹಾಕದ ಕಾಗದ ತೋರಸ್ಕೋತ ಕುಂತಿಯಲ್ಲ, ನಾಚಿಕಿ ಅದನೋ ಇಲ್ಲೋ? ಪರಿಮಳಾ, ಕೈಕಾಲಿಗಿ ನೀರು ಕೊಡು.”

ಕಾಗದಗಳನ್ನು ಮಡಿಸಿ ಕಿಟಕಿಯಲ್ಲಿ ಇಟ್ಟದ್ದಾಯಿತು. ಪ್ರವೀಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ತಿಂದ. ಈಶಪ್ಪನವರ ಕಣ್ಣು ಮಾತ್ರ ಕಿಟಕಿಯ ಮೇಲೇ ಇತ್ತು. ಊಟ ಮುಗಿಯುವುದನ್ನೂ ಕಾಯಲಾರದೆ ಪೆನ್ನು ತೆಗೆದರು. “ಈಗ ಸಹಿ ಮಾಡ್ಲೇನ್ರಿ?”

ಪ್ರವೀಣ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಮಾಡಬ್ಯಾಡ್ರಿ ಮಾವ” ಎಂದ. ಬೆಂಗಳೂರಿನ ಮಾತು ಬಿಟ್ಟು ಅವನ ತಾಯಿಯ ಮಾತು ಅವನ ಬಾಯಿಗೆ ಬಂದಿತ್ತು. “ಸಹಿ ಆತಂದ್ರ ದೊಡ್ಡವ್ವ ನಮ್ಮ ಚಾನೆಲ್‌ನಾಕಿ ಆಗ್ತಾಳ್ರಿ. ನೀವು ಮುಂದ ಆಕಿ ಚಿತ್ರ ಬರಿಯಂಗಿಲ್ಲ. ಎಲ್ಲಾರೂ ಬೀಗರಾದ್ರ ಎರಡು ವಾರಕ್ಕ ಧಾರಾವಾಹಿ ಮುಗೀತದ ಅಂತಾರ ನಮ್ಮ ಸಾಹೇಬ್ರು. ಆಕಿನ್ನ ಒಂದು ದೊಡ್ಡ ಬಂಗ್ಲೆದಾಗ ಇಟ್ಟು, ಆಕಿ ಕೈಲೆ ಸೊಸಿ ಹಾಲಿನಾಗ ಇಸ ಹಾಕಸ್ತಾರ. ಬ್ಯಾರೆದವರಾಗಿದ್ರ ನಾ ಇದೆಲ್ಲ ಹೇಳ್ತಿದ್ದಿಲ್ರಿ. ಮಾವಗ ಹ್ಯಾಂಗ ಟೋಪಿ ಹಾಕ್ಲಿ?”

ನನಗೆ ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಈಶಪ್ಪ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು. ಮನುಷ್ಯ ಜೀವಮಾನದಲ್ಲಿ ಕೇಳಿದ್ದು ಇದೊಂದೇ, ನಾಲ್ಕು ಜನ ನೋಡಲಿ ಅಂತ. ಅದೂ ಕೈಗೆ ಬಂದು ಹೋಯಿತು.

ಆಗ ದೊಡ್ಡವ್ವ ಕೇಳಿದಳು: “ನಾ ಯಾಕ ಇಸ ಹಾಕ್ಲಿ? ಈ ಪರಿಮಳಾ ರೊಟ್ಟಿ ದಪ್ಪ ಮಾಡ್ತಾಳ ಖರೆ. ಅಷ್ಟಕ್ಕ ಇಸ ಹಾಕೋದೇನು?”

“ಅದು ನೀ ಅಂತ ನಿನಗ ಗೊತ್ತದೇನು ದೊಡ್ಡವ್ವ?” ಎಂದರು ಈಶಪ್ಪ.

“ಅಕ್ಷರ ಬರಂಗಿಲ್ಲ ಅಂದ್ರ ಕಣ್ಣೂ ಕಾಣಂಗಿಲ್ಲೇನೋ? ನನ್ನ ಮೂಗು ನನಗ ಗುರ್ತು ಸಿಗಂಗಿಲ್ಲ? ವಾರಾ ಸಂತಿಗಿ ಬಂದಾಗ ಮುನಾವರ ನನ್ನ ಹಾಳಿ ತೆಗದಿಟ್ಟು ಕೊಡ್ತಾನ. ಟಂಟಂನಾಗ ಯಾರರೆ ಓದಿ ಹೇಳ್ತಾರ. ಸಗರ ಮುಟ್ಟೋತನಕ ಕುಂತವರೆಲ್ಲ ಹೊಟ್ಟಿ ಹಿಡಕೊಂಡು ನಗ್ತಾರ. ಡ್ರೈವರ್ ಗಾಡಿ ನಿಂದ್ರಿಸಿ ಕೇಳ್ತಾನ.”

ಈಶಪ್ಪನವರ ಕಣ್ಣಲ್ಲಿ ನೀರು ತುಂಬಿ ಹರಿಯಿತು. ಅವರು ಒರೆಸಿಕೊಳ್ಳಲೂ ಇಲ್ಲ.

“ಅಳಬ್ಯಾಡ. ಒಂದು ತಪ್ಪು ಮಾಡಿದಿ” ಎಂದಳು ದೊಡ್ಡವ್ವ. “ಮೂಗುತಿ ಎಡಕ್ಕ ಬರೀತಿ, ನಂದು ಬಲಕ್ಕ ಅದ. ಇವತ್ತ ತಿದ್ದತಾನ, ನಾಳೆ ತಿದ್ದತಾನ ಅಂತ ಕಾಯಾಕತ್ತೀನಿ. ನೀ ನೋಡವಲ್ಲಿ.”

ಈಶಪ್ಪ ಅವಳ ಹತ್ತಿರ ಸರಿದು ಆ ಮೂಗನ್ನು ಬಹಳ ಹೊತ್ತು ನೋಡಿದರು. ನಿಜ, ಬಲಕ್ಕೇ ಇತ್ತು.

ಕುಂಚ ತಂದವಳು ಅದನ್ನು ಒಣಗಿದ್ದಂತೆಯೇ ವಾಪಸ್ ಒಯ್ಯುವವಳಲ್ಲ. ಸಂಜೆಯ ಹೊತ್ತಿಗೆ ಸುಣ್ಣ ಬಂದಿತ್ತು. ಟೀವಿ ಚಾನೆಲ್‌ನ ಪ್ರವೀಣಕುಮಾರ ನನ್ನ ಗಂಡನ ಲುಂಗಿ ಉಟ್ಟು ನಮ್ಮ ಪಡಸಾಲೆಯ ಗೋಡೆಗೆ ಸುಣ್ಣ ಹೊಡೆಯುತ್ತಿದ್ದ. ಮೂಲೆಯಲ್ಲಿ ಕೂತು ಈಶಪ್ಪ ಅದನ್ನೇ ಬರೆಯುತ್ತಿದ್ದರು. ನಾನು ಪೇಡೆಯ ಡಬ್ಬಿ ಒಡೆದು ಮೊದಲ ಪೇಡೆಯನ್ನು ದೊಡ್ಡವ್ವನ ಕೈಗಿಟ್ಟೆ.

“ಬರಿಗೈಲೆ ಹೋದ್ರ ಸಾಹೇಬ್ರು ನನ್ನ ಬಿಡಂಗಿಲ್ಲ ಆಯಿ” ಎಂದ ಪ್ರವೀಣ ಗೋಡೆಯ ಕಡೆ ತಿರುಗಿಕೊಂಡೇ.

ದೊಡ್ಡವ್ವ ಪೇಡೆಯನ್ನು ಬಾಯಿಗೆ ಹಾಕಿಕೊಂಡು ಯೋಚಿಸಿದಳು.

“ಅಂವನ್ನೂ ಒಂದಿನ ಕರಕೊಂಡು ಬಾ” ಎಂದಳು. “ಅವರವ್ವನ ತೌರು ಯಾವುದು, ಏನರೆ ಗೊತ್ತೇನು ನಿನಗ?”