ಒಂದು ಗೇಣು ಗಿಲಾವು

ಗೌಂಡಿ ಅಣವೀರಪ್ಪ ಯಾವ ಕೆಲಸವನ್ನೂ ಪೂರ್ತಿ ಮಾಡಿ ಎದ್ದವನಲ್ಲ. ಮೂರು ಮಾಳಿಗೆಯ ಕಟ್ಟಡವನ್ನು ಪಾಯದಿಂದ ಎಬ್ಬಿಸಿ, ಗಿಲಾವು ಮೆತ್ತಿ, ಕನ್ನಡಿಯ ಹಾಗೆ ತಿಕ್ಕಿ, ಕಡೆಗೆ ಎಲ್ಲೋ ಒಂದು ಗೇಣು ಇಟ್ಟಿಗೆಯನ್ನು ಬತ್ತಲೆ ಬಿಟ್ಟು ಕರಣೆ ತೊಳೆದುಬಿಡುವನು. ಲೆಕ್ಕ ಚುಕ್ತಾ ಆದ ದಿನ ಬಂದು ಆ ಗೇಣನ್ನು ಮುಚ್ಚುವುದು ಕಲಬುರ್ಗಿ ಕಡೆಯ ಅವನ ಅಪ್ಪ, ಅಜ್ಜಂದಿರ ಪದ್ಧತಿ. ಹಳ್ಳಿಯಲ್ಲಿ ಅದನ್ನು ತಲೆಬಾಗಿಲ ಪಕ್ಕದಲ್ಲೇ ಬಿಡುತ್ತಿದ್ದರು. ಹೋಗಿಬರುವವರ ಕಣ್ಣಿಗೆ ಬಿದ್ದು ಮನೆಯವನೇ ನಾಚಿ ದುಡ್ಡು ಎಣಿಸುತ್ತಿದ್ದ. ಮುಂಬಯಿಯಲ್ಲಿ ಯಾರು ಯಾರಿಗೆ ನಾಚಬೇಕು, ಹೇಳಿ?

ಸಯನ್ನಿನ ಸೇಠರ ಬಿಲ್ಡಿಂಗಿನಲ್ಲಂತೂ, ದೊಡ್ಡವರ ಮರ್ಯಾದೆಗೆ ಕುಂದಾಗಬಾರದೆಂದು, ಈ ಪುಣ್ಯಾತ್ಮ ಅದನ್ನು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಬಿಟ್ಟಿದ್ದ. ಅದು ಅರವತ್ತೆಂಟನೆಯ ಇಸವಿ. ಬಾಕಿ ಏಳು ಸಾವಿರ. ಅವನ ಕೈಕೆಳಗಿನ ಹನ್ನೊಂದು ಜನ ವಾರವಾರ ಹೊಟ್ಟೆಗಾಗುವಷ್ಟು ಖರ್ಚಿ ಮಾತ್ರ ತೆಗೆದುಕೊಂಡು, ಮಿಕ್ಕ ಕೂಲಿಯನ್ನೆಲ್ಲ ಅವನ ಮಾತಿನ ಮೇಲೆ ಬಿಟ್ಟವರು. ಆ ಏಳು ಸಾವಿರದಲ್ಲಿ ಅವನದೆನ್ನುವುದು ಕಡಿಮೆ, ಅವರದೇ ಹೆಚ್ಚು.

ಮಚಾನಿನ ಹಲಗೆಯ ಮೇಲೆ ನಡೆದು ನಡೆದು, ಸಮತಟ್ಟಾದ ಫುಟ್‌ಪಾತಿನಲ್ಲೂ ಹೆಜ್ಜೆಯ ಮುಂದೆ ಹೆಜ್ಜೆಯಿಡುವ ಕುಳ್ಳ ಆಳು ಅಣವೀರಪ್ಪ. ಸೇಠರನ್ನು ಕಾಣಲು ಹೊರಟರೆ ವೈಶಾಖದ ಧಗೆಯಲ್ಲೂ ಧೋತರದ ಮೇಲೊಂದು ಕರಿಯ ಉಣ್ಣೆಯ ಕೋಟು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದರೂ ಗುಂಡಿ ಬಿಚ್ಚುವವನಲ್ಲ. ದಾದರಿನ ಆಫೀಸಿನಲ್ಲಿ ಸೇಠರು ಚಹಾ ಕುಡಿಸಿ, ‘ದಿವಾಳಿ ಹಬ್ಬ ಹೋಗಲಿ’ ಎನ್ನುವರು. ದಿವಾಳಿ ಹೋದರೆ ‘ಮಳೆಗಾಲ ಹೋಗಲಿ’ ಎನ್ನುವರು. ಇವನು ಎಲ್ಲದಕ್ಕೂ ‘ಅದಕ್ಕೇನಾಯ್ತರಿ’ ಎಂದು ಕೈಮುಗಿದು ಬರುವನು. ಗೇಣು ಬಾಕಿಯಿರುವ ತನಕ ಕೆಲಸ ಜೀವಂತವಾಗಿದೆಯೆಂದೂ, ತನ್ನ ಹಕ್ಕು ಎಲ್ಲಿಗೂ ಹೋಗುವುದಿಲ್ಲವೆಂದೂ ಅವನ ನಂಬಿಕೆ. ಇಂಥ ನಂಬಿಕೆಗೆ ಏನನ್ನಬೇಕೋ ತಿಳಿಯದು. ನೆನೆದರೆ ಹೊಟ್ಟೆ ಉರಿಯುತ್ತದೆ.

ನಾಲ್ಕನೆಯ ವರ್ಷ ಸೇಠರ ಜವಾನ ಬಾಗಿಲಲ್ಲೇ ತಡೆದ ಮೇಲೆ, ಅಣವೀರಪ್ಪ ಫೋರ್ಟಿನಲ್ಲಿ ಉಡುಪಿ ಹೊಟೇಲೊಂದರ ಮೇಲಿನ ಕೋಣೆಯ ವಕೀಲ ಸದಾನಂದ ರಾಯರ ಮುಂದೆ ಹೋಗಿ ನಿಂತ.

“ಕರಾರುಪತ್ರ ಉಂಟಾ?”

“ಮಾತಿನ ಮ್ಯಾಲ ನಡದದರಿ.”

“ಮಾತಾದರೂ ಅಡ್ಡಿಯಿಲ್ಲ, ದಾವೆ ಹಾಕ್ಲಿಕ್ಕಾಗ್ತದೆ. ಕೆಲಸ ಮುಗಿದದ್ದು ಯಾವಾಗ?”

“ಮುಗದಿಲ್ಲರಿ. ಒಂದು ಗೇಣು ಬಿಟ್ಟೀನಿ.”

ರಾಯರು ಪೆನ್ನು ಕೆಳಗಿಟ್ಟರು. “ಅಲ್ಲ ಮಾರಾಯರೇ, ಮುಗಿದಿದೆ ಅಂದರೆ ಮೂರು ವರ್ಷದ ಗಡುವು ದಾಟಿ ಹೋಯ್ತು. ಮುಗಿದಿಲ್ಲ ಅಂದರೆ, ಮೊದಲು ಮುಗಿಸಲಿ, ಆಮೇಲೆ ದುಡ್ಡು ಕೇಳಲಿ ಅಂತಾರೆ. ಗಡುವಿನೊಳಗೆ ಬಾಕಿ ಉಂಟು ಅಂತ ಸೇಠರ ಸಹಿಯ ಒಂದು ಚೀಟಿ ತಕ್ಕೊಂಡಿದ್ದರೂ ದಾರಿ ಇತ್ತು.”

“ಚೀಟಿ ಹ್ಯಾಂಗ ಕೇಳಾದ್ರಿ, ದೊಡ್ಡವ್ರಿಗೆ? ಇರಲಿ, ಈಗೇ ಹೋಗಿ ಮುಗಿಸಿ ಬರ್ತೀನಿ.”

ರಾಯರು ಬೇಡವೆಂದರೂ ಕೇಳಲಿಲ್ಲ. ಅರ್ಧ ಬುಟ್ಟಿ ಗಾರೆ ಕಲಸಿಕೊಂಡು ಸಯನ್ನಿಗೆ ಹೋದ. ನಾಲ್ಕು ವರ್ಷದಲ್ಲಿ ಒಂದು ಸಲವೂ ಆ ಬಿಲ್ಡಿಂಗಿನೊಳಗೆ ಕಾಲಿಟ್ಟಿರಲಿಲ್ಲ. ದುಡ್ಡು ಬರದೆ ಹೋಗಿ ನಿಂತರೆ ಮಾಲಕನನ್ನು ಹಂಗಿಸಿದಂತೆ ಎಂಬುದು ಆ ಪದ್ಧತಿಯ ಇನ್ನೊಂದು ಕಟ್ಟು. ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರೆ ಇಟ್ಟಿಗೆಯೇ ಇಲ್ಲ. ಗಿಲಾವಿನ ಮೇಲೆ ಸುಣ್ಣ ಬಳಿದು, ಆ ಸುಣ್ಣವೂ ಹಳದಿಗಟ್ಟಿತ್ತು. ಪಹರೆಯ ದಾನಪ್ಪ ಸೊಲ್ಲಾಪುರದವನು, ಕನ್ನಡದಲ್ಲೇ ಹೇಳಿದ: “ಅದಾ? ನೀ ಹೋದ ಮರುವಾರನೇ ಮುಚ್ಚಿಸ್ಯಾರ. ಯಾವನೋ ಗೌಂಡಿಗಿ ಎರಡು ರೂಪಾಯಿ ಕೊಟ್ರು.”

ಬುಟ್ಟಿಯಲ್ಲಿ ಗಾರೆ ಗಟ್ಟಿಯಾಗುವ ತನಕ ಅಣವೀರಪ್ಪ ಅಲ್ಲೇ ಕುಳಿತಿದ್ದನಂತೆ.

ಅವನ ಜೋಪಡಿಯ ಮುಂದೆ, ಆ ಹನ್ನೊಂದು ಜನರಲ್ಲೊಬ್ಬಳಾದ ಕಾಶವ್ವ ಕಾದಿದ್ದಳು. ಎರಡು ವರ್ಷ ಗಾರೆ ಹೊತ್ತ ಕೂಲಿ ಅವಳಿಗೆ ಬರಬೇಕಿತ್ತು.

“ಏನಂದನಣ್ಣ ಸೇಠ?”

“ಸೇಠಂದೇನದ ಕಾಶವ್ವ. ತಪ್ಪು ನಂದೇ ಅದ. ನಾ ಒಮ್ಮಿ ಹೋಗಿ ನೋಡಬೇಕಿತ್ತು.”

ಮರುದಿನದಿಂದ ಮೇಸ್ತ್ರಿಕೆ ಬಿಟ್ಟು, ದಾದರಿನ ನಾಕಾದಲ್ಲಿ ಕೆಲಸಕ್ಕೆ ಕಾಯುವ ದಿನಗೂಲಿಯವರ ಸಾಲಿನಲ್ಲಿ ನಿಂತ. ಎಪ್ಪತ್ತೇಳನೆಯ ಇಸವಿಯಲ್ಲಿ ಎದೆ ಹಿಡಿದುಕೊಂಡು ಬೀಳುವ ತನಕ ಒಬ್ಬೊಬ್ಬರ ಕೂಲಿಯನ್ನೂ ತೀರಿಸುತ್ತಲೇ ಇದ್ದ. ಹನ್ನೊಂದರಲ್ಲಿ ಏಳು ಜನಕ್ಕೆ ಸಂದಿತು. ಲೋಕದಲ್ಲಿ ಇಂಥದೊಂದು ಕುಲವಿದೆ: ಮೋಸ ಮಾಡಿದವನ ಪಾಲಿನ ಲಜ್ಜೆಯನ್ನೂ ತಾವೇ ಹೊತ್ತು, ಅವನ ಋಣವನ್ನೂ ತಾವೇ ತೀರಿಸುತ್ತ ಸವೆದುಹೋಗುವವರು. ನ್ಯಾಯಾಲಯಕ್ಕೆ ಇವರ ಗುರುತು ಹತ್ತುವುದಿಲ್ಲ. ಸೇಠರಿಗೆ ಮಾತ್ರ ದೂರದಿಂದಲೇ ಹತ್ತುತ್ತದೆ.